ಮೂಗುತಿಯ ಗುರುತು

ಕೆಲವು ತಿಂಗಳ ಹಿಂದೆ ಮೈಸೂರಿನ ಕಡೆಯ ಒಬ್ಬ ಮಹಿಳೆ, ಒಡವೆ–ರತ್ನಗಳನ್ನು ಪರೀಕ್ಷಿಸುವ ನನ್ನ ಮೇಜಿನ ಮೇಲೆ ಒಂದು ಜೊತೆ ಏಳುಕಲ್ಲಿನ ವಜ್ರದೋಲೆಗಳನ್ನು ಇಟ್ಟರು. ಒಡವೆ ಅಂಗಡಿಯವರು ಸುತ್ತಿಕೊಡುವ ಗುಲಾಬಿ ಬಣ್ಣದ ತೆಳುಗಾಗದ ನಿಮಗೆಲ್ಲ ಗೊತ್ತಿದೆ. ಅವರು ತಂದಿದ್ದ ಕಾಗದ ಮಡಿಕೆಗಳಲ್ಲಿ ಹರಿದು, ಬಣ್ಣ ಬಿಟ್ಟು, ಹಳೆಯ ಬಟ್ಟೆಯಂತೆ ಮೆತ್ತಗಾಗಿತ್ತು. ಅವರಿಗೆ ಎರಡು ಸಂಗತಿ ತಿಳಿಯಬೇಕಿತ್ತು. ಅಜ್ಜಿ ಇವನ್ನು ‘ಬ್ಲೂ ಜಾಗರ್’ ಎನ್ನುತ್ತಿದ್ದರು, ಅದು ನಿಜವೇ ಎಂಬುದು ಮೊದಲನೆಯದು. ಇವನ್ನು ಕೊಟ್ಟು ಲ್ಯಾಬಿನಲ್ಲಿ ಬೆಳೆಸಿದ ವಜ್ರದ ಓಲೆ ತೆಗೆದುಕೊಂಡರೆ ಭೂಮಿಗೆ ಒಳ್ಳೆಯದಂತೆ, ಹೌದೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಐದು ನಿಮಿಷ ಸಾಕಾಯಿತು. ಎರಡನೆಯದಕ್ಕೆ ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಆ ಬಾಕಿಯನ್ನು ಇಂದು ನಿಮ್ಮೆದುರು ತೀರಿಸಲು ನೋಡುತ್ತೇನೆ.

ಕೋಣೆಯ ದೀಪ ಆರಿಸಿ ಓಲೆಗಳನ್ನು ಅತಿನೇರಳೆ ಬೆಳಕಿನ ಕೆಳಗೆ ಹಿಡಿದಾಗ ಹದಿನಾಲ್ಕು ಕಲ್ಲುಗಳಲ್ಲಿ ಹದಿಮೂರು ಕಲ್ಲುಗಳು, ಕೆಲವು ಪ್ರಖರವಾಗಿ ಕೆಲವು ಮೆಲ್ಲಗೆ, ತಿಳಿನೀಲಿಯಾಗಿ ಹೊತ್ತಿಕೊಂಡವು. ಎಡಗಿವಿಯ ಓಲೆಯ ಒಂದು ಕಲ್ಲು ಮಾತ್ರ ಕಪ್ಪಗೆ ಸುಮ್ಮನಿತ್ತು. ಕೆಲವು ವಜ್ರಗಳಿಗೆ ಈ ನೀಲಿ ಮಿನುಗು ಹುಟ್ಟಿನಿಂದ ಬಂದಿರುತ್ತದೆ. ಬಿಸಿಲಿನಲ್ಲಿಯೂ ಸ್ವಲ್ಪ ಅತಿನೇರಳೆ ಕಿರಣ ಇರುವುದರಿಂದ ಕಲ್ಲಿನ ಒಳಗಿನ ನಸುಹಳದಿಯನ್ನು ಆ ನೀಲಿ ಅಡಗಿಸಿ, ಕಲ್ಲು ಇರುವುದಕ್ಕಿಂತ ಬಿಳಿಯಾಗಿ ಕಾಣುತ್ತದೆ. ಬೆಳಗಿನ ಬಿಸಿಲಲ್ಲಿ ಜಗುಲಿಯ ಮೇಲೆ ನಿಂತು ವಜ್ರ ಆರಿಸುತ್ತಿದ್ದ ನಮ್ಮ ಹಿರಿಯರು ಇದನ್ನು ಕಣ್ಣಿನಿಂದಲೇ ಕಂಡುಕೊಂಡು ಹೆಚ್ಚು ಬೆಲೆ ಕೊಟ್ಟರು. ಇಂದಿನ ಅಂತಾರಾಷ್ಟ್ರೀಯ ಮಾರುಕಟ್ಟೆಯಾದರೋ ಇದೇ ಗುಣವನ್ನು ದೋಷವೆಂದು ಬಗೆದು ಬಹಳಷ್ಟು ಸಲ ಬೆಲೆ ಇಳಿಸುತ್ತದೆ. ಯಾರ ಕಣ್ಣು ಸರಿ ಎಂದು ಕೇಳಿದರೆ ನನ್ನ ಮತ ಜಗುಲಿಯವರಿಗೆ.

‘ಜಾಗರ್’ ಎಂಬ ಮಾತು ಎಲ್ಲಿಂದ ಬಂತು? ದಕ್ಷಿಣ ಆಫ್ರಿಕಾದ ಫ್ರೀ ಸ್ಟೇಟ್ ಪ್ರಾಂತ್ಯದಲ್ಲಿ ಯಾಗರ್ಸ್‌ಫಾಂಟೇನ್ ಎಂಬ ಸಣ್ಣ ಊರಿದೆ. 1870ರಲ್ಲಿ ಅಲ್ಲಿ ವಜ್ರ ಸಿಕ್ಕಿತು. ನೀಲಿ ಛಾಯೆಯ ಬಿಳಿ ಕಲ್ಲುಗಳಿಗೆ ಆ ಗಣಿ ಹೆಸರಾಯಿತು. ಊರಿನ ಹೆಸರಿನ ಅರ್ಧ ಭಾಗ ಹಡಗು ಹತ್ತಿ, ಮದರಾಸು, ಬೆಂಗಳೂರುಗಳ ವಜ್ರದ ವ್ಯಾಪಾರಿಗಳ ಬಾಯಿಗೆ ಬಂದು, ಅಲ್ಲಿಂದ ನಮ್ಮ ಅಜ್ಜಿಯರ ಬಾಯಿಗೆ ಬಂತು. ನಮ್ಮ ಮನೆಗಳಲ್ಲಿ ಮದುವೆಯ ಮಾತುಕತೆಯ ನಡುವೆ ಆಫ್ರಿಕಾದ ಒಂದು ಗಣಿಯ ಹೆಸರು ಇಷ್ಟು ಸಲೀಸಾಗಿ ಓಡಾಡಿತು, ಅದು ಒಂದು ಜಾಗದ ಹೆಸರೆಂದು ಯಾರಿಗೂ ಗೊತ್ತಿರಲಿಲ್ಲ.

ಆ ಗಣಿ 1971ರಲ್ಲಿ ಮುಚ್ಚಿತು. ಆದರೆ ಒಂದು ಶತಮಾನ ಅಗೆದು ಸುರಿದ ಮಣ್ಣಿನ ರಾಶಿಗಳು ಉಳಿದವು. ಆ ರಾಶಿಗಳಲ್ಲಿ ಹಳಬರ ಕಣ್ಣು ತಪ್ಪಿಸಿದ ವಜ್ರಗಳೂ ಉಳಿದಿದ್ದವು. ಹೊಸ ಯಂತ್ರಗಳನ್ನಿಟ್ಟು ಅದೇ ಕಸವನ್ನು ಮತ್ತೆ ತೊಳೆಯುವ ಕೆಲಸ ಆರಂಭವಾಯಿತು, ತೊಳೆದ ಕೆಸರನ್ನು ಕಟ್ಟೆ ಕಟ್ಟಿ ನಿಲ್ಲಿಸಲಾಯಿತು. 2022ರ ಸೆಪ್ಟೆಂಬರ್ 11ರ ಬೆಳಿಗ್ಗೆ ಆ ಕಟ್ಟೆ ಒಡೆದು, ಬೂದು ಕೆಸರು ಊರೊಳಗೆ ನುಗ್ಗಿ, ಮನೆಗಳನ್ನೂ ದನಕರುಗಳನ್ನೂ ಕೊಚ್ಚಿಕೊಂಡು ಹೋಯಿತು, ಪ್ರಾಣಹಾನಿಯೂ ಆಯಿತು. ಓಲೆ ತಂದ ಮಹಿಳೆಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಇದನ್ನು ಹಾಕಿಕೊಳ್ಳಬಾರದೇ?” ಎಂದು ಕೇಳಿದರು. ನೋಡಿ, ಅದು ಪ್ರಶ್ನೆಯೇ ಅಲ್ಲ. ಎಪ್ಪತ್ತು ವರ್ಷದ ಹಿಂದೆ ಕೊಂಡ ಓಲೆಯನ್ನು ಪೆಟ್ಟಿಗೆಯಲ್ಲಿ ಇಟ್ಟರೂ ಕಿವಿಯಲ್ಲಿ ಇಟ್ಟರೂ ಅಲ್ಲಿನ ಕೆಸರು ಹಿಂದಕ್ಕೆ ಹರಿಯುವುದಿಲ್ಲ. ಮುಂದೆ ಕೊಳ್ಳುವ ಒಡವೆಯ ಊರು ನಮಗೆ ಗೊತ್ತಾಗುವುದೇ ಎಂಬುದು ಪ್ರಶ್ನೆ.

ಇಲ್ಲಿ ನಿಮಗೆ ಪುರಂದರದಾಸರ ಕಥೆಯನ್ನು ನೆನಪಿಸುತ್ತೇನೆ. ದಾಸರಾಗುವ ಮೊದಲಿನ ನವಕೋಟಿ ನಾರಾಯಣ ಶ್ರೀನಿವಾಸ ನಾಯಕರ ಅಂಗಡಿಗೆ ಬಡ ಬ್ರಾಹ್ಮಣನೊಬ್ಬ ಒಂದು ಮೂಗುತಿ ತಂದು ಮಾರಲು ಬರುತ್ತಾನೆ. ನಾಯಕರು ನೋಡಿದ ಕೂಡಲೇ ಅದು ತಮ್ಮ ಹೆಂಡತಿಯದೆಂದು ಗುರುತು ಹಿಡಿಯುತ್ತಾರೆ. ಈ ಕಥೆಯನ್ನು ನಾವು ಭಕ್ತಿಗಾಗಿ, ವೈರಾಗ್ಯಕ್ಕಾಗಿ ಹೇಳುತ್ತೇವೆ. ನನ್ನ ಕಸುಬಿನವರಿಗೆ ಅದರಲ್ಲಿ ಬೇರೊಂದು ಬೆರಗು ಇದೆ: ಸಾವಿರಾರು ಒಡವೆ ಕೈದಾಟಿಸಿದ ವ್ಯಾಪಾರಿಯೊಬ್ಬ ಒಂದೇ ಒಂದು ಕಲ್ಲಿನ ಒಡವೆಯನ್ನು ಇದು ಇಂಥವರ ಮನೆಯಿಂದ ಬಂದದ್ದು ಎಂದು ತಕ್ಷಣ ಹೇಳಬಲ್ಲ. ಇಂದು ಮಳಿಗೆಗಳಲ್ಲಿ ‘ಸುಸ್ಥಿರ’, ‘ನೈತಿಕ’, ‘ಹಸಿರು’ ಎಂಬ ಚೀಟಿ ಅಂಟಿಸಿ ಮಾರುವ ಒಡವೆಗಳ ಬಗ್ಗೆ ನಾನು ಕೇಳುವುದು ಅಷ್ಟೇ, ನಾಯಕರಿಗೆ ಆ ಮೂಗುತಿ ಗೊತ್ತಿದ್ದಷ್ಟಾದರೂ ಈ ಮಳಿಗೆಗೆ ಈ ಒಡವೆ ಗೊತ್ತಿದೆಯೇ?

ಗೊತ್ತಾಗುವುದು ಎಲ್ಲ ವಸ್ತುವಿಗೂ ಒಂದೇ ಸಮ ಅಲ್ಲ. ಬಣ್ಣದ ಕಲ್ಲುಗಳಿಗೆ ಹುಟ್ಟೂರಿನ ನೆನಪು ಚೆನ್ನಾಗಿರುತ್ತದೆ. ಬರ್ಮಾದ ಮೊಗೋಕ್ ಕಣಿವೆಯ ಕೆಂಪು, ಅಂದರೆ ಮಾಣಿಕ್ಯ, ಅಮೃತಶಿಲೆಯಲ್ಲಿ ಹುಟ್ಟಿದ್ದು. ಅದರಲ್ಲಿ ಕಬ್ಬಿಣ ಕಡಿಮೆ, ಆದ್ದರಿಂದ ಅತಿನೇರಳೆ ದೀಪದಡಿ ಕೆಂಡದಂತೆ ಉರಿಯುತ್ತದೆ, ಭೂತಗನ್ನಡಿಯಲ್ಲಿ ನೋಡಿದರೆ ಒಳಗೆ ರೇಷ್ಮೆ ಎಳೆಯಂಥ ಸೂಕ್ಷ್ಮ ಸೂಜಿಗಳು ಕಾಣುತ್ತವೆ. ಥಾಯ್ಲೆಂಡಿನ ಕೆಂಪು ಬಸಾಲ್ಟಿನ ಜೊತೆ ಮೇಲೆ ಬಂದದ್ದು, ಕಬ್ಬಿಣ ಹೆಚ್ಚು, ದೀಪದಡಿ ಮಂಕು. ಕೊಲಂಬಿಯಾದ ಪಚ್ಚೆಯೊಳಗೆ ಉಪ್ಪುನೀರಿನ ಒಂದು ಹನಿ, ಆ ಹನಿಯಲ್ಲಿ ಒಂದು ಗಾಳಿಗುಳ್ಳೆ, ಜೊತೆಗೆ ಒಂದು ಪುಟ್ಟ ಉಪ್ಪಿನ ಹರಳು ಸಿಕ್ಕಿಕೊಂಡಿರುವುದನ್ನು ಮೊದಲ ಸಲ ನೋಡಿದ ದಿನ ನಾನು ಊಟ ಮರೆತಿದ್ದೆ. ಕಲ್ಲಿನೊಳಗೆ ಹೀಗೆ ಊರಿನ ಗುರುತು ಸಿಗುವುದರಿಂದಲೇ ‘ಬರ್ಮಾ ಕೆಂಪು’ ಎಂದ ಕೂಡಲೇ ಬೆಲೆ ಏರುತ್ತದೆ. ತಮಾಷೆಯೆಂದರೆ ಬೆಲೆ ಏರಿಸುವ ಅದೇ ಊರಿನ ಹೆಸರು ತಲೆನೋವನ್ನೂ ತರುತ್ತದೆ: ಅಲ್ಲಿನ ಸೇನಾಡಳಿತಕ್ಕೆ ಹಣ ಸೇರುತ್ತದೆಂಬ ಕಾರಣಕ್ಕೆ 2008ರಿಂದ 2016ರವರೆಗೆ ಅಮೆರಿಕ ಬರ್ಮಾದ ಕೆಂಪಿನ ಆಮದನ್ನೇ ನಿಷೇಧಿಸಿತ್ತು. ಅಂದಹಾಗೆ, ದೇವಸ್ಥಾನದ ಶೈಲಿಯ ಒಡವೆಗಳಲ್ಲಿ ಕೂರಿಸುವ ಕೆಂಪು ಕಲ್ಲನ್ನು ಇಡೀ ದೇಶದ ವ್ಯಾಪಾರಿಗಳು ‘ಕೆಂಪ್’ ಎಂದೇ ಕರೆಯುತ್ತಾರೆ. ನಮ್ಮ ಕಡೆಯ ಮಾತೊಂದು ಮುಂಬೈ, ಜೈಪುರಗಳವರೆಗೆ ಹೋಗಿ ಕುಳಿತಿದೆ. ಆ ಹೆಸರಿನಲ್ಲಿ ಈಗ ಮಾರಾಟವಾಗುವುದರಲ್ಲಿ ಹೆಚ್ಚಿನದು ಗಾಜು ಎಂಬುದು ಬೇರೆ ಮಾತು.

ವಜ್ರಕ್ಕೆ ನೆನಪು ಕಡಿಮೆ. ಅದು ಬಹುತೇಕ ಶುದ್ಧ ಇಂಗಾಲ. ಭೂಮಿಯಲ್ಲಿ ಹುಟ್ಟಿದ್ದೋ ಯಂತ್ರದಲ್ಲಿ ಬೆಳೆದದ್ದೋ ಎಂದು ಒಳ್ಳೆಯ ಪ್ರಯೋಗಾಲಯ ಹೇಳಬಲ್ಲದು, ಆದರೆ ಕತ್ತರಿಸಿ ಸಾಣೆ ಹಿಡಿದ ಕಲ್ಲನ್ನು ಮಾತ್ರ ಕೈಗಿತ್ತು ಇದು ಯಾವ ಗಣಿಯದು ಎಂದು ಕೇಳಿದರೆ ಖಚಿತವಾಗಿ ಹೇಳುವ ಪರೀಕ್ಷೆ ಇಲ್ಲ. ನಮ್ಮ ಓಲೆಯ ಕಲ್ಲುಗಳೂ ಹಾಗೆಯೇ: ನೀಲಿ ಮಿನುಗು ಇದೆ, ಹಳೆಯ ಕಾಲದ ಕಟಿಂಗ್ ಇದೆ, ಹೆಸರಿಗೆ ತಕ್ಕ ಗುಣ ಇದೆ ಎಂದು ಬರೆದುಕೊಟ್ಟೆನೇ ಹೊರತು, ಯಾಗರ್ಸ್‌ಫಾಂಟೇನಿನ ಗುಂಡಿಯಿಂದಲೇ ಬಂದವು ಎಂದು ಬರೆಯಲಿಲ್ಲ. ಆದ್ದರಿಂದ ವಜ್ರದ ಊರು ತಿಳಿಯಬೇಕಾದರೆ ಕಾಗದಪತ್ರವನ್ನೇ ನಂಬಬೇಕು. ಸಂಘರ್ಷದ ವಜ್ರಗಳ ವ್ಯಾಪಾರ ತಡೆಯಲು ಹಲವು ದೇಶಗಳು ಒಪ್ಪಿ 2003ರಲ್ಲಿ ಜಾರಿಗೆ ತಂದ ಕಿಂಬರ್ಲಿ ಪ್ರಕ್ರಿಯೆಯ ಕಾಗದ ಇರುವುದು ಕತ್ತರಿಸದ ಒರಟು ವಜ್ರದ ಪೊಟ್ಟಣಗಳಿಗೆ; ಸೂರತ್ತಿನ ಸಾಣೆಯ ಮೇಲೆ ಹಲವು ದೇಶಗಳ ಕಲ್ಲುಗಳು ಬೆರೆತ ಮೇಲೆ ಅದರ ಕೈ ಅಲ್ಲಿಗೆ ಮುಗಿಯುತ್ತದೆ. ಅಷ್ಟೇ ಅಲ್ಲ, ಅದರ ಲೆಕ್ಕದಲ್ಲಿ ‘ಸಂಘರ್ಷದ ವಜ್ರ’ವೆಂದರೆ ಸರ್ಕಾರದ ವಿರುದ್ಧ ಬಂಡೆದ್ದವರು ಯುದ್ಧಕ್ಕೆ ಹಣ ಮಾಡಿಕೊಳ್ಳುವ ವಜ್ರ. ಸರ್ಕಾರವೇ, ಗಣಿ ಕಂಪನಿಯೇ ಜನರನ್ನು ಹಿಂಸಿಸಿದರೆ, ಕೆಸರಿನ ಕಟ್ಟೆ ಊರ ಮೇಲೆ ಒಡೆದರೆ, ಆ ವ್ಯಾಖ್ಯೆಗೆ ಅದು ಬೀಳುವುದೇ ಇಲ್ಲ.

ಚಿನ್ನಕ್ಕೆ ನೆನಪೇ ಇಲ್ಲ. ಮೂಸೆಯಲ್ಲಿ ಬಿಳಿಗಾರ ಹಾಕಿ 1064 ಡಿಗ್ರಿ ಸೆಲ್ಸಿಯಸ್ ದಾಟಿಸಿದರೆ ಅಜ್ಜಿಯ ಕಾಸಿನ ಸರ, ಕದ್ದ ಬಳೆ, ಪಾದರಸ ಬೆರೆಸಿ ತೆಗೆದ ಹೊಳೆಯ ಚಿನ್ನ ಎಲ್ಲವೂ ಒಂದೇ ಹಳದಿ ನೀರು. ನಾವು ಹಾಲ್‌ಮಾರ್ಕನ್ನು ನಂಬುತ್ತೇವೆ, ನಂಬಬೇಕಾದದ್ದೇ. 2021ರ ಜೂನ್ 16ರಿಂದ ಅದು ಹಂತಹಂತವಾಗಿ ಕಡ್ಡಾಯವಾಯಿತು, 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಎಂಬ ಆರು ಅಕ್ಷರ–ಅಂಕಿಗಳ ಗುರುತಿನ ಸಂಖ್ಯೆ ಇಲ್ಲದೆ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಶುದ್ಧತೆ ಎಷ್ಟು, ಎಲ್ಲಿ ಪರೀಕ್ಷೆಯಾಯಿತು, ಯಾವ ವ್ಯಾಪಾರಿಯದು ಎಂಬುದೆಲ್ಲ ಬರುತ್ತದೆ. ಈಗಲೇ ಮೊಬೈಲ್ ತೆಗೆದು ನಿಮ್ಮ ಉಂಗುರದ ಸಂಖ್ಯೆ ಹಾಕಿ ನೋಡಬಹುದು. ಅದರಲ್ಲಿ ಆ ಚಿನ್ನ ಯಾವ ನೆಲದಿಂದ ಬಂತೆಂಬುದು ಮಾತ್ರ ಇರುವುದಿಲ್ಲ. ಆ ಸಂಖ್ಯೆಯ ಕಥೆ ಆರಂಭವಾಗುವುದು ಅಕ್ಕಸಾಲಿಗನ ಕುಲುಮೆಯಿಂದ, ಗಣಿಯಿಂದ ಅಲ್ಲ.

ಗಣಿಯ ಕಥೆಯನ್ನು ಕೇಳಲು ನಾವು ಆಫ್ರಿಕಾಕ್ಕೆ ಹೋಗಬೇಕಾಗಿಲ್ಲ, ಬಂಗಾರಪೇಟೆಯಲ್ಲಿ ರೈಲು ಬದಲಿಸಿದರೆ ಸಾಕು. ಕೋಲಾರದ ಚಿನ್ನದ ಗಣಿಯಲ್ಲಿ 1880ರ ದಶಕದಿಂದ 2001ರ ಫೆಬ್ರವರಿ 28ರವರೆಗೆ 800 ಟನ್ನಿನಷ್ಟು ಚಿನ್ನ ತೆಗೆದರು. ಸುರಂಗಗಳು ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದವು. ಕೊನೆಕೊನೆಗೆ ಒಂದು ಟನ್ ಅದಿರಿನಲ್ಲಿ ಸಿಗುತ್ತಿದ್ದದ್ದು ಮೂರು ನಾಲ್ಕು ಗ್ರಾಂ. ಲೆಕ್ಕ ಹಾಕಿ ನೋಡಿ: 10 ಗ್ರಾಂ ತೂಕದ 22 ಕ್ಯಾರಟ್ ಸರದಲ್ಲಿ 9.16 ಗ್ರಾಂ ಚಿನ್ನ ಇರುತ್ತದೆ. ಟನ್ನಿಗೆ ನಾಲ್ಕು ಗ್ರಾಂ ಸಿಕ್ಕರೆ ಆ ಒಂದು ಎಳೆ ಸರಕ್ಕೆ ಎರಡೂಕಾಲು ಟನ್ನಿಗಿಂತ ಹೆಚ್ಚು ಕಲ್ಲನ್ನು ಒಡೆದು, ಅರೆದು, ಸಯನೈಡ್ ನೀರಿನಲ್ಲಿ ನೆನೆಸಿ, ಪಕ್ಕಕ್ಕೆ ಸುರಿಯಬೇಕು. ಹಾಗೆ ಸುರಿದದ್ದು ಇಂದಿಗೂ ಕೆಜಿಎಫ್‌ನಲ್ಲಿ ಗುಡ್ಡಗಳಾಗಿ ನಿಂತಿದೆ. ಊರಿನವರು ಅವನ್ನು ‘ಸಯನೈಡ್ ಗುಡ್ಡ’ ಎನ್ನುತ್ತಾರೆ. ಸಿನಿಮಾದವರು ಬಂದು ಚಿತ್ರೀಕರಣ ಮಾಡುತ್ತಾರೆ, ಆಷಾಢದ ಗಾಳಿ ಬಂದಾಗ ಪುಡಿ ಮನೆಗಳ ಪಾತ್ರೆಪಗಡಗಳ ಮೇಲೆ ಕೂರುತ್ತದೆ. ಸುರಂಗದೊಳಗಿನ ಕಲ್ಲಿನ ಪುಡಿ ಕುಡಿದು ಸಿಲಿಕೋಸಿಸ್ ತಂದುಕೊಂಡ ಕಾರ್ಮಿಕರ ಎದೆಯೂ ಈ ಲೆಕ್ಕಕ್ಕೆ ಸೇರಬೇಕು.

ಈಗ ಆ ಗುಡ್ಡಗಳಿಗೂ ಬೆಲೆ ಬಂದಿದೆ. ಹಳಬರ ವಿಧಾನಕ್ಕೆ ಸಿಗದೆ ಪುಡಿಯಲ್ಲಿ ಉಳಿದ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ, 13 ಗುಡ್ಡಗಳ ಮಟ್ಟಿಗೆ, ರಾಜ್ಯ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಹೊಸ ಗುಂಡಿ ತೋಡದೆ ಕಸದಿಂದ ಚಿನ್ನ ತೆಗೆಯುವುದು ಕೇಳಲು ಬಹಳ ಚೆನ್ನಾಗಿದೆ. ನಾಳೆ ಆ ಚಿನ್ನಕ್ಕೆ ಯಾರಾದರೂ ‘ಹಸಿರು ಚಿನ್ನ’ವೆಂದು ಹೆಸರಿಟ್ಟರೆ ಆಶ್ಚರ್ಯವಿಲ್ಲ. ನಾನು ಅದಕ್ಕೆ ವಿರೋಧಿಯಲ್ಲ. ಆದರೆ ಯಾಗರ್ಸ್‌ಫಾಂಟೇನಿನಲ್ಲಿ ಒಡೆದದ್ದೂ ಹಳೆಯ ಕಸವನ್ನು ಮತ್ತೆ ತೊಳೆದ ಕೆಸರಿನ ಕಟ್ಟೆಯೇ. ಕಸದಿಂದ ತೆಗೆದದ್ದು ಎಂಬ ಒಂದೇ ಕಾರಣಕ್ಕೆ ಒಡವೆ ಶುದ್ಧವಾಗುವುದಿಲ್ಲ. ತೊಳೆದ ನೀರು ಎಲ್ಲಿ ನಿಲ್ಲುತ್ತದೆ, ಕಟ್ಟೆಯ ಕೆಳಗೆ ಯಾರ ಮನೆಗಳಿವೆ ಎಂಬುದನ್ನು ಮೊದಲು ನೋಡಬೇಕು.

ಮರುಬಳಕೆಯ ಚಿನ್ನದ ವಿಷಯಕ್ಕೆ ಬಂದರೆ, ವಿದೇಶಿ ಬ್ರಾಂಡುಗಳು ಅದನ್ನು ಹೊಸ ಆವಿಷ್ಕಾರದಂತೆ ಹೇಳುವಾಗ ನನಗೆ ನಗು ಬರುತ್ತದೆ. ಚಿನ್ನವನ್ನು ಯಾರು ತಿಪ್ಪೆಗೆ ಎಸೆದಿದ್ದಾರೆ? ಡಾಬು ಮುರಿಸಿ ಬಳೆ, ಬಳೆ ಮುರಿಸಿ ಸರ ಮಾಡಿಸದ ಮನೆ ನಮ್ಮಲ್ಲಿ ಇಲ್ಲ. ಬೆಂಗಳೂರಿನ ನಗರ್ತಪೇಟೆಯ ಕಿರಿದಾದ ಮಹಡಿಯೊಂದರಲ್ಲಿ ಸಂಜೆ ಕೆಲಸ ಮುಗಿಯುವ ಹೊತ್ತಿಗೆ ಹೋಗಿ ನಿಂತರೆ ನಿಮಗೇ ಕಾಣುತ್ತದೆ: ಕುಸುರಿ ಕೆಲಸದವರು, ಅವರಲ್ಲಿ ಈಗ ಬಹಳ ಮಂದಿ ಬಂಗಾಳದಿಂದ ಬಂದವರು, ಮೊದಲು ಮಣೆಯನ್ನು ಕುಂಚದಿಂದ ಗುಡಿಸಿ, ಆಮೇಲೆ ಬಟ್ಟೆ ಕೊಡವಿ, ಕೈ ತೊಳೆದ ನೀರನ್ನೂ ಚರಂಡಿಗೆ ಬಿಡದೆ ಡಬ್ಬದಲ್ಲಿ ಹಿಡಿಯುತ್ತಾರೆ. ಆ ಕಸಕ್ಕೂ ಕೊಳ್ಳುವವರಿದ್ದಾರೆ. ಅಕ್ಕಸಾಲಿಗರ ಅಂಗಡಿಯ ಧೂಳಿನಿಂದ, ಹಳ್ಳದ ಮರಳಿನಿಂದ ಅಕ್ಕಿ ಜಾಲಿಸಿದಂತೆ ಜಾಲಿಸಿ ಚಿನ್ನ ತೆಗೆಯುತ್ತಿದ್ದವರನ್ನು ಕನ್ನಡದಲ್ಲಿ ಜಲಗಾರರು ಎನ್ನುತ್ತಿದ್ದರು. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಅವರು ಮರಗಿ ಎಂಬ ಮರದ ಪಾತ್ರೆ ಹಿಡಿದು ದುಡಿಯುತ್ತಿದ್ದದ್ದನ್ನು ಹತ್ತೊಂಬತ್ತನೆಯ ಶತಮಾನದ ಭೂವಿಜ್ಞಾನಿಗಳು ಬರೆದಿಟ್ಟಿದ್ದಾರೆ.

ಆದ್ದರಿಂದ ಮರುಬಳಕೆ ಎಂಬ ಚೀಟಿ ಇರುವ ಸರ ಕೊಂಡ ಮಾತ್ರಕ್ಕೆ ಗಣಿಗಾರಿಕೆ ಒಂದು ಗ್ರಾಮೂ ಕಡಿಮೆಯಾಗುವುದಿಲ್ಲ. ಹಳೆಯ ಚಿನ್ನ ಹೇಗಿದ್ದರೂ ಕರಗಿ ಮಾರುಕಟ್ಟೆಗೆ ಬರುತ್ತಿತ್ತು. ನೀವು ಅದನ್ನು ಕೊಂಡರೆ ಇನ್ನೊಬ್ಬರು ಗಣಿಯದನ್ನು ಕೊಳ್ಳುತ್ತಾರೆ. ಇನ್ನೂ ಕಿರಿಕಿರಿಯ ಸಂಗತಿಯೆಂದರೆ, ಅಕ್ರಮ ಗಣಿಯ ಚಿನ್ನವನ್ನು ಒಮ್ಮೆ ಒರಟು ಬಳೆ ಮಾಡಿ ಮತ್ತೆ ಕರಗಿಸಿದರೆ ಅದೂ ‘ಹಳೆಯ ಚಿನ್ನ’ವಾಗಿ ಬಿಡಬಹುದು. ಕೈಗಾರಿಕೆಯ ಹಿಡಿತಕ್ಕೆ ಹೊರತಾಗಿ ಹೊಳೆದಂಡೆಗಳಲ್ಲಿ ದುಡಿಯುವ ಒಂದು ಕೋಟಿಗೂ ಹೆಚ್ಚು ಬಡವರಲ್ಲಿ ಬಹಳ ಮಂದಿ ಪಾದರಸ ಬಳಸಿ ಚಿನ್ನ ತೆಗೆಯುತ್ತಾರೆ. ಮನುಷ್ಯರಿಂದ ಗಾಳಿಗೆ ಸೇರುವ ಪಾದರಸದಲ್ಲಿ ಅತಿ ಹೆಚ್ಚಿನ ಪಾಲು ಈ ಕೆಲಸದ್ದು. ಅವರಿಂದ ಕೊಳ್ಳುವುದನ್ನೇ ನಿಲ್ಲಿಸಿದರೆ ಅವರ ಹೊಟ್ಟೆಯ ಮೇಲೆ ಹೊಡೆದಂತೆ, ಕಣ್ಣುಮುಚ್ಚಿ ಕೊಂಡರೆ ಅವರ ನರಮಂಡಲದ ಮೇಲೆ ಹೊಡೆದಂತೆ. ಫೇರ್‌ಮೈನ್ಡ್, ಫೇರ್‌ಟ್ರೇಡ್ ಎಂಬ ಮುದ್ರೆಗಳು ಇಂಥವರ ಚಿನ್ನವನ್ನು ಗಣಿಯಿಂದಲೇ ಗುರುತಿಟ್ಟು, ಹೆಚ್ಚು ಬೆಲೆ ಕೊಟ್ಟು, ಪಾದರಸ ಕಡಿಮೆ ಮಾಡಿಸಲು ಯತ್ನಿಸುತ್ತವೆ. ನಮ್ಮ ಊರಿನ ಅಂಗಡಿಗಳಲ್ಲಿ ನಾನು ಅವನ್ನು ಕಂಡಿಲ್ಲ.

ಲ್ಯಾಬಿನ ವಜ್ರಕ್ಕೆ ಬರೋಣ. ಅದು ನಕಲಿಯಲ್ಲ, ಅಮೆರಿಕನ್ ಡೈಮಂಡ್ ಅಲ್ಲ, ಮಾಯ್ಸನೈಟ್ ಅಲ್ಲ. ಅದು ವಜ್ರವೇ. ಅಂಗಡಿಯ ಪೆನ್ನಿನಂಥ ಉಪಕರಣ ಕಲ್ಲಿನಲ್ಲಿ ಶಾಖ ಹರಿಯುವುದನ್ನು ಅಳೆಯುವುದರಿಂದ ಗಣಿಯದು, ಲ್ಯಾಬಿನದು ಎರಡಕ್ಕೂ ಒಂದೇ ರೀತಿ ಕಿರುಗುಟ್ಟುತ್ತದೆ. 1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಅಪಾರ ಒತ್ತಡ, ಶಾಖಗಳಿಂದ ಮೊದಲು ಮಾಡಿದ ಈ ವಜ್ರ ಕೈಗಾರಿಕೆಯ ಅರಗಳಿಗೆ ಹೋಯಿತು. ಈಗ ಸೂರತ್ತಿನಲ್ಲಿ ಹೆಚ್ಚಾಗಿ ನಡೆಯುವುದು ಇನ್ನೊಂದು ವಿಧಾನ. ಒಂದು ತೆಳು ವಜ್ರದ ಬಿಲ್ಲೆಯನ್ನು ಬೀಜವಾಗಿ ಇಟ್ಟು, ಮೀಥೇನ್ ಮತ್ತು ಹೈಡ್ರೋಜನ್ ಅನಿಲಗಳನ್ನು ಮೈಕ್ರೋವೇವ್‌ನಿಂದ ಪ್ಲಾಸ್ಮಾ ಮಾಡಿ, ಇಂಗಾಲವನ್ನು ಪದರಪದರವಾಗಿ ವಾರಗಟ್ಟಲೆ ಅದರ ಮೇಲೆ ಕೂರಿಸುತ್ತಾರೆ. ಯಂತ್ರ ಹಗಲೂ ರಾತ್ರಿ ನಿಲ್ಲುವಂತಿಲ್ಲ. ಗುಂಡಿ ಇಲ್ಲ, ಕೆಸರಿನ ಕಟ್ಟೆ ಇಲ್ಲ, ಒಪ್ಪಿದೆ. ಆದರೆ ಆ ವಾರಗಳ ವಿದ್ಯುತ್ತು ಕಲ್ಲಿದ್ದಲಿನದ್ದೋ ಬಿಸಿಲಿನದ್ದೋ ಎಂಬುದರ ಮೇಲೆ ಅದರ ಹಸಿರು ನಿಂತಿದೆ. ಹೊಳಪಿಗೆ ಕರೆಂಟು ಬೇಕಾಗಿದ್ದು ನಮಗೇನೂ ಹೊಸತಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಗಣಿಗೆ. ಬೆಂಗಳೂರಿನ ಬೀದಿಗಳು ಬೆಳಗಿದ್ದು ಅದಾಗಿ ಮೂರು ವರ್ಷಕ್ಕೆ.

ಲ್ಯಾಬ್ ವಜ್ರದ ಇನ್ನೊಂದು ಮುಖ ಬೆಲೆಯದು. ಗಣಿ ವಜ್ರದ ದೊಡ್ಡ ಕಂಪನಿ ಡಿ ಬಿಯರ್ಸ್ 2018ರಲ್ಲಿ ಲೈಟ್‌ಬಾಕ್ಸ್ ಎಂಬ ಹೆಸರಿನಲ್ಲಿ ಕ್ಯಾರಟ್ಟಿಗೆ 800 ಡಾಲರ್ ದರದಲ್ಲಿ ಇವನ್ನು ಮಾರಲು ತೊಡಗಿ, ಬೆಲೆ ಕುಸಿಯುತ್ತ ಹೋದ ಮೇಲೆ 2025ರಲ್ಲಿ ಆ ವ್ಯವಹಾರವನ್ನೇ ಮುಚ್ಚುವುದಾಗಿ ಹೇಳಿತು. ಬೆಲೆ ಇಳಿದದ್ದು ಕೊಳ್ಳುವವರಿಗೆ ಸಂತೋಷವೇ. ಆದರೆ ಅಗ್ಗವಾದದ್ದನ್ನು ನಾವು ಕಾಪಾಡುವುದಿಲ್ಲ, ರಿಪೇರಿ ಮಾಡಿಸುವುದಿಲ್ಲ, ಮೊಮ್ಮಗಳಿಗೆ ಇಡುವುದಿಲ್ಲ ಎಂಬುದು ನನ್ನ ಅನುಭವ. ಇದು ಸೂರತ್ತಿನ ತಪ್ಪಲ್ಲ.

ರಿಪೇರಿಯ ಮಾತು ಬಂತು, ಅದನ್ನು ಸ್ವಲ್ಪ ಹೇಳುತ್ತೇನೆ, ಏಕೆಂದರೆ ಸುಸ್ಥಿರತೆಯ ಭಾಷಣಗಳಲ್ಲಿ ಅದು ಬರುವುದೇ ಇಲ್ಲ. 2025ರಲ್ಲಿ ಹತ್ತು ಗ್ರಾಂ ಚಿನ್ನ ಲಕ್ಷ ರೂಪಾಯಿ ದಾಟಿದ ಮೇಲೆ ಹಗುರ ಒಡವೆಗಳ ಕಾಲ ಬಂದಿದೆ. 18 ಕ್ಯಾರಟ್, 14 ಕ್ಯಾರಟ್, ಈಗ 9 ಕ್ಯಾರಟ್ಟಿಗೂ ಹಾಲ್‌ಮಾರ್ಕ್ ಇದೆ. ಅದರಲ್ಲಿ ತಪ್ಪಿಲ್ಲ, 18 ಕ್ಯಾರಟ್ ಗಟ್ಟಿಯಾದ್ದರಿಂದ ಕಲ್ಲನ್ನು ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಸಾಸಿವೆಗಿಂತ ಸಣ್ಣ ನೂರಾರು ಕಲ್ಲುಗಳನ್ನು ಒತ್ತೊತ್ತಾಗಿ ಕೂರಿಸಿದ ಈ ಹಗುರ ಒಡವೆಯನ್ನು ಐದು ವರ್ಷದ ಮೇಲೆ ಬದಲಿಸಲು ಒಯ್ದರೆ, ಅಂಗಡಿಯವರು ಕಲ್ಲಿನ ತೂಕ ಕಳೆದು ಚಿನ್ನಕ್ಕೆ ಮಾತ್ರ ಬೆಲೆ ಕಟ್ಟುವುದೇ ಹೆಚ್ಚು. ಆ ಪುಟ್ಟ ಕಲ್ಲುಗಳನ್ನು ಬಿಡಿಸುವ ಕೂಲಿ ಅವುಗಳ ಬೆಲೆಗಿಂತ ದುಬಾರಿ. ಕುಂದಣದ ಕೆಲಸವನ್ನು ಇದರ ಪಕ್ಕಕ್ಕಿಟ್ಟು ನೋಡಿ. ಅಪರಂಜಿಯ ತೆಳು ರೇಕನ್ನು ಬೆಂಕಿಯಿಲ್ಲದೆ, ಬರಿಯ ಕೈಯೊತ್ತಿನಿಂದ ಕಲ್ಲಿನ ಸುತ್ತ ಅಮುಕಿ ಕೂರಿಸುತ್ತಾರೆ, ಒಳಗೆ ಅರಗು. ಅರಗಿನ ತೂಕದಲ್ಲಿ ಮೋಸ ನಡೆದದ್ದೂ ಉಂಟು, ಅಕ್ಕನ ಚಿನ್ನವನ್ನೂ ಬಿಡದವನೆಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಆದರೂ ನೂರು ವರ್ಷದ ಮೇಲೆ ಇನ್ನೊಬ್ಬ ಅಕ್ಕಸಾಲಿಗ ಅದೇ ರೇಕನ್ನು ಮೊನೆಯಿಂದ ಬಿಡಿಸಿ, ಕಲ್ಲಿಗೆ ಒಂದು ಗೆರೆಯೂ ಬೀಳದಂತೆ ತೆಗೆದು, ಹೊಸ ಒಡವೆಗೆ ಕೂರಿಸಬಲ್ಲ. ಬಿಚ್ಚಲು ಬರುವಂತೆ ಕಟ್ಟುವ ಈ ವಿದ್ಯೆಯನ್ನು ನಾವು ‘ಆಂಟಿಕ್ ಫಿನಿಶ್’ ಎಂಬ ಬಣ್ಣಕ್ಕೆ ಇಳಿಸಿದ್ದೇವೆ. ಅಜ್ಜಿ ಹಳೆಯ ಒಡವೆಯನ್ನು ಹೊಸದಾಗಿ ಕಾಣಲೆಂದು ಅಂಟುವಾಳದ ನೊರೆಯಲ್ಲಿ ಉಜ್ಜುತ್ತಿದ್ದಳು. ಮೊಮ್ಮಗಳು ಹೊಸ ಒಡವೆ ಹಳೆಯದಾಗಿ ಕಾಣಲೆಂದು ಮಸಿ ಹಿಡಿಸಲು ದುಡ್ಡು ಕೊಡುತ್ತಾಳೆ.

ಮಾತಿನ ನಡುವೆ ಹಿಂದಿನ ಸಾಲಿನಿಂದ ಒಬ್ಬರು, “ಮಗಳ ಮದುವೆ ಇದೆ, ಇದನ್ನೆಲ್ಲ ಕೇಳಿದ ಮೇಲೆ ಏನು ಕೊಳ್ಳಲಿ ಹೇಳಿ” ಎಂದು ಕೇಳಿದ್ದಾರೆ. ಮೊದಲು ಲಾಕರ್ ತೆಗೆಯಿರಿ. ಅಲ್ಲಿರುವ ಕಲ್ಲುಗಳನ್ನು ಹೊಸ ಕಟ್ಟಿಗೆ ಕೂರಿಸಲು ಬರುತ್ತದೆಯೇ ಎಂದು ಕೈಕೆಲಸದವರನ್ನು ಕೇಳಿ. ಕೂಲಿ ಹೆಚ್ಚೆನಿಸಬಹುದು, ಆ ಹಣ ಒಬ್ಬ ಮನುಷ್ಯನ ಕೈಗೆ ಹೋಗುತ್ತದೆ. ಹೊಸದನ್ನೇ ಕೊಳ್ಳುವುದಾದರೆ ಕಲ್ಲು ಎಲ್ಲಿಯದು, ಬಣ್ಣ ಏರಲೆಂದು ಕಾಯಿಸಿದ್ದೋ ಬಿರುಕಿಗೆ ಗಾಜು ತುಂಬಿದ್ದೋ, ಲ್ಯಾಬಿನದಾದರೆ ಎಲ್ಲಿ ಬೆಳೆಸಿದ್ದು ಎಂಬುದನ್ನು ಬಿಲ್ಲಿನಲ್ಲಿಯೇ ಬರೆಸಿಕೊಳ್ಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎಂದೇ ಬರೆಯಲಿ. ಹತ್ತು ಮಂದಿ ಹಾಗೆ ಬರೆಸಿಕೊಂಡರೆ ಹನ್ನೊಂದನೆಯವರಿಗೆ ಅವರೇ ವಿಚಾರಿಸಿ ಇಟ್ಟಿರುತ್ತಾರೆ.

ಆ ಏಳುಕಲ್ಲಿನ ಓಲೆಗಳನ್ನು ಅವರು ಕೊನೆಗೂ ಬದಲಿಸಲಿಲ್ಲ. ತಿರುಪು ಸವೆದಿತ್ತು, ಅದನ್ನು ಮಾತ್ರ ಹೊಸದಾಗಿ ಮಾಡಿಸಿದರು. ಹೊಳೆಯದ ಆ ಒಂದು ಕಲ್ಲನ್ನು ತೆಗೆದು ಜೊತೆಗೆ ಹೊಂದುವ ನೀಲಿ ಮಿನುಗಿನದನ್ನು ಹಾಕಿಸಬಹುದೆಂದು ನಾನೇ ಸೂಚಿಸಿದ್ದೆ. ಅವರು ಗುಲಾಬಿ ಕಾಗದವನ್ನು ಬೆಳಕಿಗೆ ಹಿಡಿದು ತೋರಿಸಿದರು, ಮಡಿಕೆಯ ಒಳಗೆ ಪೆನ್ಸಿಲಿನಲ್ಲಿ, ಅಜ್ಜಿಯ ಅಕ್ಷರದಲ್ಲಿ, ಒಂದು ಸಾಲಿತ್ತು: “ಎಡದ್ದು, ಕೆಳಗಿನ ಕಲ್ಲು ಬಾವಿಕಟ್ಟೆಯಲ್ಲಿ ಬಿದ್ದು ಹೋಯಿತು, 1974ರಲ್ಲಿ ಹಾಕಿಸಿದ್ದು.”